ಸೊಲೊಮೋನನ ತೀರ್ಪಿಗೆ ಸೊನ್ನೆ ಕೊಟ್ಟ ರಾತ್ರಿ

ಉತ್ತರ ಪತ್ರಿಕೆಗಳ ಕಟ್ಟು ಬಿಚ್ಚಿ ಮೂರನೆಯದಕ್ಕೆ ಬರುವಷ್ಟರಲ್ಲಿ ನನಗೆ ಅನುಮಾನ ಶುರುವಾಯಿತು. ಏಳನೆಯದಕ್ಕೆ ಬಂದಾಗ ಪೆನ್ನು ಕೆಳಗಿಟ್ಟೆ. ಪ್ರಶ್ನೆ ಬೈಬಲಿನ ಅರಸ ಸೊಲೊಮೋನನ ಬಗ್ಗೆ, ಹೀಗಿತ್ತು: ‘ಸೊಲೊಮೋನನ ಆಳ್ವಿಕೆಯ ಯಾವ ಕ್ರಮಗಳು ಇಸ್ರಾಯೇಲ್ ರಾಜ್ಯ ಒಡೆಯಲು ಕಾರಣವಾದವು?’ ಏಳೂ ಮಕ್ಕಳು ಬರೆದದ್ದು ಒಂದೇ ಕತೆ. ಒಂದೇ ಮಗುವನ್ನು ತನ್ನದೆಂದು ಜಗಳಾಡಿದ ಇಬ್ಬರು ಹೆಂಗಸರು, ಮಗುವನ್ನು ಎರಡು ಮಾಡಲು ಕತ್ತಿ ತನ್ನಿ ಎಂದ ಅರಸ. ಚೆನ್ನಾಗಿಯೇ ಬರೆದಿದ್ದರು. ಒಬ್ಬಳಂತೂ ನಿಜವಾದ ತಾಯಿಯ ಕಣ್ಣೀರನ್ನು ನಾಲ್ಕು ಸಾಲು ವರ್ಣಿಸಿದ್ದಳು. ಆದರೆ ಅದು ಸೊಲೊಮೋನನ ಜಾಣತನದ ಕತೆ. ರಾಜ್ಯ ಒಡೆದದ್ದಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

ಸೊನ್ನೆ ಹಾಕಲು ಕೈ ಬರಲಿಲ್ಲ. ಆದರೂ ಹಾಕಿದೆ.

ನಾನು ಕ್ರೈಸ್ತ ಧರ್ಮ ಅಧ್ಯಯನ ಪಾಠ ಮಾಡುವವಳು. ಈ ವಿಷಯಕ್ಕೆ ‘ಸುಲಭದ್ದು’ ಅಂತ ಒಂದು ಹೆಸರು ಅಂಟಿಕೊಂಡಿದೆ. ಬೈಬಲ್ ತಾನೆ, ಚಿಕ್ಕಂದಿನಿಂದ ಕೇಳಿದ್ದೇ ಅಲ್ವಾ ಅಂತ ಅಪ್ಪ ಅಮ್ಮಂದಿರೂ ಹೇಳುತ್ತಾರೆ, ಮಕ್ಕಳೂ ಹೇಳುತ್ತಾರೆ. ಫಲಿತಾಂಶ ಬಂದಾಗ ಮಾತ್ರ ಉಳಿದ ಅಂಕಗಳನ್ನು ಕೆಳಗೆ ಎಳೆಯುವುದು ಇದೇ ವಿಷಯ. ಅದರ ಹಿಂದಿನ ವರ್ಷವೂ ಹಾಗೇ ಆಗಿತ್ತು. ಆಗ ನನಗೆ ನಾನೇ ಹೇಳಿಕೊಂಡ ಸಮಾಧಾನ: ಮಕ್ಕಳು ಓದುವುದಿಲ್ಲ, ನಾನೇನು ಮಾಡಲಿ.

ಆ ರಾತ್ರಿ ಆ ಸಮಾಧಾನ ನಡೆಯಲಿಲ್ಲ. ಓದದ ಮಕ್ಕಳು ಇಷ್ಟು ಬರೆಯುತ್ತಾರಾ? ಪತ್ರಿಕೆಗಳನ್ನು ನೆಲದ ಮೇಲೆ ಹರಡಿ, ಅಂಕ ಕಳೆದುಕೊಂಡ ಒಂದೊಂದು ಉತ್ತರಕ್ಕೂ ಕಾರಣ ಏನು ಅಂತ ಬದಿಯಲ್ಲಿ ಬರೆಯುತ್ತಾ ಹೋದೆ. ಮೂರು ಬಗೆಯ ತಪ್ಪು ಕಂಡವು. ಗೊತ್ತಿಲ್ಲದೆ ಬಿಟ್ಟದ್ದು. ಒಂದನ್ನು ಇನ್ನೊಂದಕ್ಕೆ ಕಲಸಿದ್ದು. ಗೊತ್ತಿದ್ದೂ ಬೇರೆಯದೇ ಪ್ರಶ್ನೆಗೆ ಉತ್ತರ ಬರೆದದ್ದು. ಮೊದಲನೆಯ ಬಗೆ ತೀರಾ ಕಡಿಮೆ. ಹೆಚ್ಚಿನವು ಕೊನೆಯ ಬಗೆಯವೇ. ‘ಸೊಲೊಮೋನ’ ಎಂಬ ಪದ ಕಣ್ಣಿಗೆ ಬಿದ್ದ ಕೂಡಲೇ ಸೊಲೊಮೋನನ ಬಗ್ಗೆ ಗೊತ್ತಿರುವ ಅತಿ ಚೆಂದದ ಕತೆ ಕೈಯಿಂದ ಹರಿದಿತ್ತು. ಪ್ರಶ್ನೆಯ ಉಳಿದ ಭಾಗವನ್ನು ಯಾರೂ ಓದಿರಲಿಲ್ಲ.

ಅದಕ್ಕೆ ಕಾರಣ ನಾನೇ ಅಂತ ಒಪ್ಪಿಕೊಳ್ಳಲು ಇನ್ನೂ ಎರಡು ವಾರ ಬೇಕಾಯಿತು. ಕತೆ ಹೇಳುವುದರಲ್ಲಿ ನನಗೆ ಹೆಸರಿದೆ. ಗೊಲ್ಯಾತ ಬಿದ್ದಾಗ ಮೇಜು ಬಡಿಯುತ್ತೇನೆ, ಪೇತ್ರ ಅಳುವಾಗ ದನಿ ಇಳಿಸುತ್ತೇನೆ. ಕೊನೆಗೆ ‘ಅರ್ಥ ಆಯ್ತಾ?’ ಅಂತ ಕೇಳಿದರೆ ‘ಆಯ್ತು ಮಿಸ್’ ಅಂತ ಇಡೀ ಕ್ಲಾಸು ಒಂದೇ ದನಿಯಲ್ಲಿ ಹೇಳುತ್ತದೆ. ಚರ್ಚಿನ ಭಾನುವಾರದ ಕ್ಲಾಸನ್ನೇ ನಾನು ವಾರವಿಡೀ ಮಾಡುತ್ತಿದ್ದೆ.

ಒಪ್ಪಿಕೊಳ್ಳುವ ಮೊದಲು ಮಾಡಿದ ತಪ್ಪು ಔಷಧಿಗಳನ್ನೂ ಹೇಳಿಬಿಡುತ್ತೇನೆ. ಸಂಜೆ ಹೆಚ್ಚುವರಿ ತರಗತಿ ಇಟ್ಟೆ. ಅದೇ ಪಾಠ, ಅದೇ ಕತೆ, ಆದರೆ ದಣಿದ ಮಕ್ಕಳಿಗೆ. ಆಮೇಲೆ ‘ಮುಖ್ಯ ಪ್ರಶ್ನೆಗಳು’ ಅಂತ ಪಟ್ಟಿ ಕೊಟ್ಟೆ. ದಾವೀದ ಮತ್ತು ಗೊಲ್ಯಾತ ಬಂದೇ ಬರುತ್ತದೆ ಅಂತ ಧೈರ್ಯವಾಗಿ ಹೇಳಿದ್ದೆ. ಮುಂದಿನ ಪರೀಕ್ಷೆಯ ಪತ್ರಿಕೆ ತೆಗೆದದ್ದು ಬೇರೆಯವರು. ಅವರು ಕೇಳಿದ್ದು ಅರಸ ದಾವೀದನ ಮುಂದೆ ಪ್ರವಾದಿ ನಾತಾನ ಹೇಳಿದ ಬಡವನ ಕುರಿಮರಿಯ ಕತೆ, ಅದು ದಾವೀದ ಸಾಯಿಸಿದ ಊರೀಯನ ಸಾವಿಗೆ ಹೇಗೆ ಹೊಂದುತ್ತದೆ ಅಂತ. ಮಕ್ಕಳು ನಾತಾನನ ಜಾಗದಲ್ಲಿ ಗೊಲ್ಯಾತನ ಮೇಲೆ ಕವಣೆಕಲ್ಲು ಬೀಸಿದರು. ಹೊರಗೆ ಬಂದ ಹುಡುಗನೊಬ್ಬ ‘ಮಿಸ್, ನೀವು ಹೇಳಿದ್ದು ಬರಲೇ ಇಲ್ಲ’ ಅಂದ. ಸಿಟ್ಟಿರಲಿಲ್ಲ, ಪಾಪ, ಆಶ್ಚರ್ಯ ಅಷ್ಟೇ. ಪಟ್ಟಿ ಕೊಡುವುದನ್ನು ಅವತ್ತೇ ನಿಲ್ಲಿಸಿದೆ.

ಮತ್ತೆ ಸೊಲೊಮೋನನಿಗೇ ಬಂದೆ. ಅದೇ ಪ್ರಶ್ನೆಯನ್ನು ಬೋರ್ಡಿನ ಮೇಲೆ ಬರೆದೆ. ‘ಉತ್ತರ ಬೇಡ. ಪ್ರಶ್ನೆ ಏನು ಕೇಳ್ತಾ ಇದೆ, ಅಷ್ಟೇ ಹೇಳಿ’ ಅಂದೆ. ಏನು ಮಾಡಬೇಕು ಅಂತ ಹೇಳುವ ಪದಕ್ಕೆ ಸುತ್ತು ಹಾಕುವುದು, ಎಲ್ಲಿಂದ ಎಲ್ಲಿಯವರೆಗೆ ಅಂತ ಹೇಳುವ ಪದಗಳ ಕೆಳಗೆ ಗೆರೆ ಎಳೆಯುವುದು. ‘ಸೊಲೊಮೋನ’ದ ಕೆಳಗೆ ಎಲ್ಲರೂ ಗೆರೆ ಎಳೆದರು. ‘ಕ್ರಮಗಳು’, ‘ಒಡೆಯಲು’, ‘ಕಾರಣ’ ಇವುಗಳ ಕೆಳಗೆ ಎಳೆಯಲು ಹತ್ತು ನಿಮಿಷ ಹಿಡಿಯಿತು. ಆಮೇಲೆ ಬೈಬಲ್ ತೆಗೆಸಿದೆ. ಅರಸುಗಳ ಮೊದಲನೆಯ ಪುಸ್ತಕ, 4ರಿಂದ 12ನೇ ಅಧ್ಯಾಯ. ನಾನು ಬಾಯಿ ಬಿಡುವುದಿಲ್ಲ, ಜನರಿಗೆ ಸಿಟ್ಟು ಬರಿಸುವಂಥದ್ದು ಏನೇನಿದೆ ನೀವೇ ಹುಡುಕಿ ಅಂದೆ.

ಬಾಯಿ ಮುಚ್ಚಿಕೊಂಡು ನಿಲ್ಲುವುದು ನನಗೆ ಎಷ್ಟು ಕಷ್ಟ ಅಂತ ಅವತ್ತು ಗೊತ್ತಾಯಿತು. ಮಕ್ಕಳು ಮಾತ್ರ ಒಂದೊಂದೇ ಹೆಕ್ಕತೊಡಗಿದರು. 12 ಅಧಿಕಾರಿಗಳು, ಒಬ್ಬೊಬ್ಬರು ವರ್ಷಕ್ಕೆ ಒಂದು ತಿಂಗಳು ಅರಮನೆಯ ಊಟಕ್ಕೆ ಒದಗಿಸಬೇಕು. 30,000 ಜನರನ್ನು ಬಿಟ್ಟಿ ಕೆಲಸಕ್ಕೆ ಹಿಡಿದದ್ದು, ತಿಂಗಳಿಗೆ 10,000 ಜನರಂತೆ ಲೆಬನೋನಿಗೆ ಕಳಿಸಿದ್ದು. ತೂರಿನ ಅರಸ ಹೀರಾಮನಿಗೆ ಗಲಿಲಾಯದ 20 ಊರುಗಳನ್ನು ಕೊಟ್ಟದ್ದು. ಪರದೇಶದ ಹೆಂಡತಿಯರು, ಅವರ ದೇವರುಗಳಿಗೆ ಕಟ್ಟಿಸಿದ ಪೂಜಾಸ್ಥಳಗಳು. ಹಿಂದಿನ ಬೆಂಚಿನಿಂದ ಒಬ್ಬ ಕೈ ಎತ್ತಿದ. ‘ಮಿಸ್, ದೇವಾಲಯ ಕಟ್ಟೋಕೆ 7 ವರ್ಷ, ತನ್ನ ಅರಮನೆಗೆ 13 ವರ್ಷ. ಇದು ಪಾಯಿಂಟಾ?’ ಪಾಯಿಂಟೇ ಅಂದೆ. ನಾನು ಇಷ್ಟು ವರ್ಷ ಪಾಠ ಮಾಡಿಯೂ ಆ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ಹೇಳಿರಲಿಲ್ಲ.

ಇನ್ನೊಬ್ಬಳ ಬಗ್ಗೆ ಹೇಳಲೇಬೇಕು. ಅವಳು ಕ್ರೈಸ್ತಳಲ್ಲ. ಮೊದಲು ಈ ವಿಷಯ ತನಗೆ ಆಗುವುದಿಲ್ಲ ಅಂತಲೇ ಹೆದರಿದ್ದಳು. 12ನೇ ಅಧ್ಯಾಯದಲ್ಲಿ ಸೊಲೊಮೋನನ ಮಗ ರೆಹಬ್ಬಾಮ ಕಳಿಸಿದ ಅದೋರಾಮನನ್ನು ಜನ ಕಲ್ಲೆಸೆದು ಕೊಲ್ಲುತ್ತಾರೆ. ಅವಳು ಹಾಳೆ ಹಿಂದಕ್ಕೆ ತಿರುಗಿಸಿ, ‘ಮಿಸ್, 5ನೇ ಅಧ್ಯಾಯದಲ್ಲಿ ಬಿಟ್ಟಿ ಕೆಲಸದವರ ಮೇಲ್ವಿಚಾರಕ ಅದೋನೀರಾಮ ಅಂತಿದೆ. ಇವನೇನಾ ಅವನು?’ ಅಂದಳು. ಇಬ್ಬರೂ ಒಬ್ಬನೇ ಅಂತಲೇ ಸಾಮಾನ್ಯವಾಗಿ ತಿಳಿಯುತ್ತಾರೆ. ಜನರ ಸಿಟ್ಟು ಮೊದಲು ಬಿದ್ದದ್ದು ಬಿಟ್ಟಿ ದುಡಿಸಿದವನ ಮೇಲೇ. ಸೊಲೊಮೋನನ ಕ್ರಮದಿಂದ ರಾಜ್ಯ ಒಡೆಯುವ ತನಕ ಒಂದೇ ಹೆಸರಿನಲ್ಲಿ ದಾರಿ ಸಿಕ್ಕಿತ್ತು. ಈ ಹುಡುಗಿಗೆ ಮೊದಲೇ ಕೇಳಿದ ಕತೆಗಳ ಭಾರವಿರಲಿಲ್ಲ. ಪುಟದ ಮೇಲೆ ಏನಿದೆಯೋ ಅದನ್ನೇ ಓದುತ್ತಿದ್ದಳು. ಪಾಸ್ಟರ ಮಗನಿಗೆ ಕ್ಲಾಸಿನಲ್ಲಿ ಕಡಿಮೆ ಅಂಕ, ಇವಳಿಗೆ ಜಾಸ್ತಿ ಅಂಕ ಯಾಕೆ ಬರುತ್ತಿತ್ತು ಅಂತ ಆಗ ಗೊತ್ತಾಯಿತು.

ರಾಜ್ಯ ಒಡೆಯುತ್ತದೆ ಅಂತ ತೋರಿಸಲು ಪ್ರವಾದಿ ಅಹೀಯ ಹರಿದ ಹೊಸ ಬಟ್ಟೆಯನ್ನೂ ಅವತ್ತೇ ಹರಿದೆವು, ಹಳೆಯ ಚಾರ್ಟ್ ಹಾಳೆಯಲ್ಲಿ. 12 ತುಂಡು. 10 ತುಂಡು, ಒಡೆದ ಕುಲಗಳಿಗೆ ಅರಸನಾಗಲಿದ್ದ ಯಾರೊಬ್ಬಾಮನ ಪಾತ್ರದ ಹುಡುಗನಿಗೆ. ‘ಒಂದು ಕುಲ ದಾವೀದನ ಮನೆತನಕ್ಕೆ ಉಳಿಯುತ್ತೆ ಅಂತ ಬರೆದಿದೆ. ಆದರೆ ಕೈಯಲ್ಲಿ ಎರಡು ತುಂಡು ಇದೆಯಲ್ಲ ಮಿಸ್?’ ಅಂತ ಕೇಳಿದರು. ಮುಂದಿನ ಅಧ್ಯಾಯ ನೋಡಿ ಅಂದೆ. ರೆಹಬ್ಬಾಮನ ಜೊತೆ ಯೂದ ಕುಲವೂ ಬೆನ್ಯಾಮೀನ ಕುಲವೂ ನಿಂತದ್ದು ಸಿಕ್ಕಿತು. ಆ ತುಂಡುಗಳು ವರ್ಷದ ಕೊನೆಯವರೆಗೂ ಗೋಡೆಯ ಮೇಲಿದ್ದವು.

ಕಲಸುಮೇಲೋಗರದ ತಪ್ಪುಗಳಿಗೆ ಬೇರೆ ಉಪಾಯ ಬೇಕಿತ್ತು. ಒಂದು ಬೆಳಿಗ್ಗೆ ಖಾಲಿ ಹಾಳೆ ಕೊಟ್ಟು, ಯೇಸು ಹುಟ್ಟಿದ ದೃಶ್ಯ ಬಿಡಿಸಿ ಅಂದೆ. ಎಲ್ಲರ ಹಾಳೆಯಲ್ಲೂ ಅದೇ ಚಿತ್ರ: ಗೋದಲಿ, ಕುರುಬರು, ಮೂವರು ಜೋಯಿಸರು, ನಕ್ಷತ್ರ, ಕತ್ತೆ, ಎತ್ತು. ಈಗ ಮತ್ತಾಯನ 2ನೇ ಅಧ್ಯಾಯ ಓದಿ, ಅಲ್ಲಿ ಇಲ್ಲದ್ದನ್ನೆಲ್ಲ ಹೊಡೆದು ಹಾಕಿ ಅಂದೆ. ಗೋದಲಿ ಹೋಯಿತು. ಕುರುಬರು ಹೋದರು. ಜೋಯಿಸರು ಉಳಿದರು, ಆದರೆ ಮೂವರು ಅಂತ ಎಲ್ಲೂ ಇಲ್ಲ. ಮೂರು ಇದ್ದದ್ದು ಕಾಣಿಕೆಗಳು: ಬಂಗಾರ, ಧೂಪ, ರಕ್ತಬೋಳ. ಅವರು ಬಂದದ್ದು ಮನೆಯೊಳಕ್ಕೆ. ಲೂಕನ 2ನೇ ಅಧ್ಯಾಯಕ್ಕೆ ಹೋದರೆ ಗೋದಲಿ, ಕುರುಬರು ಮರಳಿ ಬಂದರು. ನಕ್ಷತ್ರ ಮಾಯವಾಯಿತು. ‘ಕತ್ತೆ ಎಲ್ಲಿ ಮಿಸ್?’ ಅಂತ ಒಬ್ಬಳು ಕೊನೆಯವರೆಗೂ ಹುಡುಕಿದಳು. ಎರಡರಲ್ಲೂ ಕತ್ತೆ ಇಲ್ಲ. ಅವಳಿಗೆ ನಿಜಕ್ಕೂ ಬೇಜಾರಾಯಿತು.

ಅಲ್ಲಿಂದ ಬೋರ್ಡಿನ ಮೇಲೆ ನಾಲ್ಕು ಸುವಾರ್ತೆಗಳಿಗೆ ನಾಲ್ಕು ಅಂಕಣ ಶಾಶ್ವತವಾದವು: ಮತ್ತಾಯ, ಮಾರ್ಕ, ಲೂಕ, ಯೋಹಾನ. ಒಳ್ಳೆಯ ಸಮಾರ್ಯದವನೂ ತಪ್ಪಿಹೋದ ಮಗನೂ ಲೂಕನಲ್ಲಿ ಮಾತ್ರ. ಐದು ಸಾವಿರ ಜನಕ್ಕೆ ಊಟ ಹಾಕಿದ್ದು ನಾಲ್ಕರಲ್ಲೂ ಇದೆ. ಆದರೆ ಐದು ರೊಟ್ಟಿ ಎರಡು ಮೀನು ಇಟ್ಟುಕೊಂಡ ಹುಡುಗ ಬರುವುದು ಯೋಹಾನನಲ್ಲಿ ಮಾತ್ರ. ‘ಮಾರ್ಕನ ಪ್ರಕಾರ’ ಅಂತ ಪ್ರಶ್ನೆ ಬಂದರೆ ಆ ಹುಡುಗನನ್ನು ಮನೆಗೆ ಕಳಿಸಿ ಅಂತ ನಾನು ಹೇಳುತ್ತಿದ್ದೆ. ಅದೊಂದು ತಮಾಷೆಯಾಗಿ ನಿಂತಿತು.

ಒಂದೇ ಹೆಸರಿನವರದ್ದು ಇನ್ನೊಂದು ತಲೆನೋವು. ಅರಸನಾದ ಸೌಲ, ಆಮೇಲೆ ಪೌಲ ಎನಿಸಿಕೊಂಡ ತಾರ್ಸದ ಸೌಲ. ಇಬ್ಬರೂ ಬೆನ್ಯಾಮೀನ ಕುಲದವರೇ, ಮಕ್ಕಳನ್ನು ಬೈದು ಏನು ಪ್ರಯೋಜನ? ‘ದಮಸ್ಕದ ದಾರಿಯಲ್ಲಿ ಯೇಸು ಸೌಲನಿಗೆ ಪೌಲ ಅಂತ ಹೆಸರಿಟ್ಟರು’ ಅಂತ ಪ್ರತಿ ವರ್ಷ ಬರೆಯುತ್ತಾರೆ. ಅಪೊಸ್ತಲರ ಕೃತ್ಯಗಳ 9ನೇ ಅಧ್ಯಾಯದಲ್ಲಿ ಹಾಗೇನೂ ಇಲ್ಲ. ಪೌಲ ಅನ್ನುವ ಹೆಸರು ಬರುವುದು 13ನೇ ಅಧ್ಯಾಯದಲ್ಲಿ, ಸೈಪ್ರಸ್ ದ್ವೀಪದಲ್ಲಿ, ಸೌಲನಿಗೆ ಪೌಲ ಅಂತಲೂ ಹೆಸರಿತ್ತು ಅನ್ನುವ ಹಾಗೆ. ಹೆರೋದರಿಗೆ ಮಕ್ಕಳೇ ಹೆಸರಿಟ್ಟರು. ಶಿಶುಗಳನ್ನು ಕೊಲ್ಲಿಸಿದವನು ಅಪ್ಪ ಹೆರೋದ. ಸ್ನಾನಿಕ ಯೋಹಾನನ ತಲೆ ತೆಗೆಸಿದವನು ಮಗ ಹೆರೋದ. ಯಾಕೋಬನನ್ನು ಕೊಲ್ಲಿಸಿ ಪೇತ್ರನನ್ನು ಸೆರೆಗೆ ಹಾಕಿದವನು ಮೊಮ್ಮಗ ಹೆರೋದ.

ಇಷ್ಟೆಲ್ಲ ಮಾಡಿದರೂ ಮೂರು ವಾರ ಬಿಟ್ಟು ಕೇಳಿದರೆ ಅರ್ಧ ಮರೆತಿರುತ್ತಿತ್ತು. ಮರೆವಿನ ಲೆಕ್ಕ ಹಳೆಯದೇ. ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ವಿದ್ವಾಂಸ ಅರ್ಥವಿಲ್ಲದ ಅಕ್ಷರಗಳನ್ನು ತಾನೇ ಬಾಯಿಪಾಠ ಮಾಡಿ, ಕಲಿತ ಕೂಡಲೇ ಮರೆವು ರಭಸವಾಗಿ ಬಂದು ಆಮೇಲೆ ನಿಧಾನವಾಗುತ್ತದೆ ಅಂತ 1885ರಲ್ಲೇ ಬರೆದಿಟ್ಟಿದ್ದಾನೆ. ನನಗೆ ಕಣ್ಣು ತೆರೆಸಿದ್ದು 2006ರಲ್ಲಿ ಪ್ರಕಟವಾದ ಒಂದು ಪ್ರಯೋಗ, ರೋಡಿಗರ್ ಮತ್ತು ಕಾರ್ಪಿಕಿ ಎಂಬ ಇಬ್ಬರು ಮನೋವಿಜ್ಞಾನಿಗಳದ್ದು. ಒಂದು ಗುಂಪು ಪಾಠವನ್ನು ಮತ್ತೆ ಮತ್ತೆ ಓದಿತು. ಇನ್ನೊಂದು ಓದಿ, ಮುಚ್ಚಿಟ್ಟು, ನೆನಪಿನಿಂದ ಬರೆಯಿತು. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಓದಿದವರೇ ಮುಂದೆ. ಒಂದು ವಾರ ಬಿಟ್ಟು ಕೇಳಿದಾಗ ಬರೆದವರು ಮುಂದೆ. ಹಿಂದಿನ ರಾತ್ರಿ ಓದಿ ‘ಎಲ್ಲಾ ಬರುತ್ತೆ ಮಿಸ್’ ಅನ್ನುವ ಮಕ್ಕಳು ಸುಳ್ಳು ಹೇಳುತ್ತಿಲ್ಲ ಅಂತ ಆಗ ತಿಳಿಯಿತು. ಆ ಕ್ಷಣಕ್ಕೆ ಬರುತ್ತದೆ.

ಹೀಗಾಗಿ ಪ್ರತಿ ತರಗತಿಯ ಮೊದಲ ಐದು ನಿಮಿಷ ಖಾಲಿ ಹಾಳೆ. ನಿನ್ನೆಯದೊಂದು, ಹೋದ ವಾರದ್ದೊಂದು, ಹೋದ ತಿಂಗಳದ್ದೊಂದು ಪ್ರಶ್ನೆ. ಪುಸ್ತಕ ಮುಚ್ಚಿರಬೇಕು. ಅಂಕವಿಲ್ಲ, ನಾನು ನೋಡುವುದೂ ಇಲ್ಲ. ಬರೆದಾದ ಮೇಲೆ ಪುಸ್ತಕ ತೆರೆದು ಬಿಟ್ಟುಹೋದದ್ದನ್ನು ಬೇರೆ ಬಣ್ಣದಲ್ಲಿ ಸೇರಿಸಬೇಕು, ಅಷ್ಟೇ. ಮಕ್ಕಳಿಗೆ ಇದು ಒಂಚೂರೂ ಇಷ್ಟವಾಗಲಿಲ್ಲ. ‘ಸುಮ್ನೆ ಅವಮಾನ ಮಿಸ್’ ಅಂದರು. ಅರಮನೆಯ 13 ವರ್ಷ ಲೆಕ್ಕ ಹಾಕಿದ್ದ ಹಿಂದಿನ ಬೆಂಚಿನ ಹುಡುಗನ ಮೊದಲ ಹಾಳೆಯಲ್ಲಿ ‘ಪೌಲ’ ಅಂತ ಒಂದು ಪದ, ಪಕ್ಕದಲ್ಲಿ ಒಂದು ಹಡಗಿನ ಚಿತ್ರ. ಹಡಗು ಚೆನ್ನಾಗಿತ್ತು. ಹಾಗಾದರೆ ಚಿತ್ರದಲ್ಲೇ ಬರಿ ಅಂದೆ. ಪೌಲನ ಪ್ರಯಾಣಗಳನ್ನು ಅವನು ಗೆರೆಗಳಲ್ಲಿ ಹಿಡಿದ. ಮೊದಲ ಪ್ರಯಾಣ: ಅಂತಿಯೋಕ್ಯದಿಂದ ಹೊರಟು, ಸೈಪ್ರಸ್, ಪೆರ್ಗ. ಪೆರ್ಗದಲ್ಲಿ ಮಾರ್ಕನೆಂಬ ಯೋಹಾನ ಬೆನ್ನು ತಿರುಗಿಸಿ ಹೋಗುತ್ತಿರುವ ಒಂದು ಕಡ್ಡಿಮನುಷ್ಯ. ಲುಸ್ತ್ರದಲ್ಲಿ ಜನ ಮೊದಲು ತಂದ ಹಾರ, ಆಮೇಲೆ ಎಸೆದ ಕಲ್ಲು. ಎರಡನೆಯದು ಶುರುವಾಗುವಲ್ಲಿ ಎರಡು ಬಾಣ, ಬೇರೆ ಬೇರೆ ದಿಕ್ಕಿಗೆ: ಅದೇ ಮಾರ್ಕನ ವಿಚಾರಕ್ಕೆ ಜಗಳವಾಗಿ ಜೊತೆಗಾರ ಬಾರ್ನಬ ಒಂದು ಕಡೆ, ಸೀಲನ ಜೊತೆ ಪೌಲ ಇನ್ನೊಂದು ಕಡೆ. ಬೇರೆ ಮಕ್ಕಳೂ ನಕಲು ಮಾಡಿಕೊಂಡರು. ಎರಡು ತಿಂಗಳಾದ ಮೇಲೆ ಅವನ ಹಡಗಿನ ಮೇಲೆ ‘276 ಜನ’ ಅಂತ ಬರೆದಿತ್ತು. ಪೌಲ ಇದ್ದ ಹಡಗು ಒಡೆದಾಗ ಅದರಲ್ಲಿ ಇದ್ದವರ ಲೆಕ್ಕ, ಅಪೊಸ್ತಲರ ಕೃತ್ಯಗಳ 27ನೇ ಅಧ್ಯಾಯದಲ್ಲಿದೆ. ನಾನು ಹೇಳಿಕೊಟ್ಟದ್ದಲ್ಲ.

ಇದೇ ಹೊತ್ತಿಗೆ ಸಭೆಯ ಹಿರಿಯರೊಬ್ಬರು ನನ್ನನ್ನು ನಿಲ್ಲಿಸಿ ಕೇಳಿದರು. ‘ಏನಮ್ಮಾ, ದೇವರ ವಾಕ್ಯವನ್ನ ಪಾಯಿಂಟು ಪಾಯಿಂಟು ಮಾಡಿ ಕತ್ತರಿಸ್ತಾ ಇದೀಯಂತೆ? ಮಕ್ಕಳು ಕತ್ತೆ ಇಲ್ಲ ಅಂತ ವಾದ ಮಾಡ್ತಾವೆ.’ ನಗು ಬಂತು, ತಡೆದುಕೊಂಡೆ. ಅವರ ಮಾತು ಪೂರ್ತಿ ತಳ್ಳಿಹಾಕುವಂಥದ್ದೂ ಅಲ್ಲ. ಪರೀಕ್ಷೆಗೆ ಮಾತ್ರ ಅಂತ ಓದಿದರೆ ಏನೋ ಒಂದು ಒಣಗುತ್ತದೆ. ‘ಅಪ್ಪಾಜಿ, ಮೊದಲು ಅವು ಪುಸ್ತಕವನ್ನೇ ತೆರೀತಿರಲಿಲ್ಲ, ನನ್ನ ಬಾಯಿ ನೋಡ್ತಿದ್ವು’ ಅಂದೆ. ಅವರು ಏನೂ ಹೇಳದೆ ಹೋದರು. ಮರುವಾರ ಬಂದು, ಯೋಸೇಫ ಬೆತ್ಲೆಹೇಮಿಗೆ ಮರಿಯಳನ್ನು ಹೇಗೆ ಕರೆದುಕೊಂಡು ಹೋದ ಅಂತ ಎಲ್ಲೂ ಬರೆದಿಲ್ಲವಲ್ಲ ಅಂದರು. ಅವರೂ ಹುಡುಕಿದ್ದರು.

ಮಕ್ಕಳ ಬರಹದಲ್ಲಿ ಚರ್ಚಿನ ಉಪದೇಶದ ದನಿ ಮಾತ್ರ ಬೇಗ ಬಿಡಲಿಲ್ಲ. ಹೇಳಿ ಹೇಳಿ ಸಾಕಾಗಿ ಒಂದು ಆಟ ಹೂಡಿದೆ. ‘ಅರಸನಾದ ಸೌಲನನ್ನು ದೇವರು ಯಾಕೆ ತಳ್ಳಿಬಿಟ್ಟರು?’ ಎಂಬ 10 ಅಂಕದ ಪ್ರಶ್ನೆಗೆ ನಾನೇ ಎರಡು ಉತ್ತರ ಬರೆದು ತಂದೆ, ಹೆಸರಿಲ್ಲದೆ. ಮೊದಲನೆಯದು ತುಂಬಾ ಚೆಂದ. ಅಹಂಕಾರ ಬಂದರೆ ಮನುಷ್ಯ ಬೀಳುತ್ತಾನೆ, ನಾವೆಲ್ಲರೂ ವಿಧೇಯರಾಗಿರಬೇಕು, ಹೀಗೆ ಒಂದೂವರೆ ಪುಟ. ಎರಡನೆಯದು ಒರಟು, ಅರ್ಧ ಪುಟ: ಗಿಲ್ಗಾಲಿನಲ್ಲಿ ಪ್ರವಾದಿ ಸಮುವೇಲನಿಗೆ ಕಾಯದೆ ತಾನೇ ಬಲಿ ಕೊಟ್ಟ. ಅಮಾಲೇಕ್ಯರ ಅರಸ ಅಗಾಗನನ್ನೂ ಒಳ್ಳೆಯ ಕುರಿದನಗಳನ್ನೂ ಉಳಿಸಿಕೊಂಡ. ಕೇಳಿದಾಗ ತಪ್ಪನ್ನು ಜನರ ಮೇಲೆ ಹಾಕಿದ. ಎಲ್ಲರೂ ಪರೀಕ್ಷಕರಾಗಿ ಅಂಕ ಹಾಕಿ ಅಂದೆ. ಮೊದಲನೆಯದಕ್ಕೆ ಎಂಟು, ಒಂಬತ್ತು ಬಂತು. ಎರಡನೆಯದಕ್ಕೆ ನಾಲ್ಕು. ಆಮೇಲೆ ಅಂಕ ಕೊಡುವ ಮಾದರಿಯನ್ನು ಕೈಗೆ ಕೊಟ್ಟೆ. ಗದ್ದಲವಾಯಿತು. ಮೊದಲನೆಯದರಲ್ಲಿ ಬೈಬಲ್ಲಿನ ಒಂದೇ ಒಂದು ಘಟನೆ ಇಲ್ಲ ಅಂತ ಅವರೇ ಕಂಡುಹಿಡಿದರು. ಪಾಸ್ಟರ ಮಗ ಆ ಹಾಳೆ ಹಿಡಿದು, ‘ಮಿಸ್, ಇದು ನಾನು ಬರೆದ ಹಾಗೇ ಇದೆ’ ಅಂದ. ಸ್ವಲ್ಪ ಹೊತ್ತು ಬಿಟ್ಟು, ‘ನಮ್ಮಪ್ಪ ಹೇಳಿದ ಹಾಗೂ ಇದೆ’ ಅಂದ. ಅದಾದ ಮೇಲೆ ಅವನ ಉತ್ತರಗಳು ಅರ್ಧಕ್ಕೆ ಇಳಿದವು, ಅಂಕ ಏರಿತು.

ವಾಕ್ಯದ ಸಂಖ್ಯೆ ಬಾಯಿಪಾಠ ಮಾಡಿಸುವುದನ್ನೂ ಬಿಟ್ಟೆ. ಯಾವ ಪುಸ್ತಕ, ಯಾರ ಮಾತು, ಯಾರಿಗೆ, ಯಾವಾಗ ಅಂತ ಗೊತ್ತಿದ್ದರೆ ಸಾಕು. ಅರ್ಧ ನೆನಪಿರುವ ವಾಕ್ಯವನ್ನು ಉದ್ಧರಣ ಚಿಹ್ನೆಯಲ್ಲಿ ಹಾಕುವುದಕ್ಕಿಂತ ಸ್ವಂತ ಮಾತಿನಲ್ಲಿ ಬರೆಯುವುದು ಮೇಲು. ಸಮಯದ ಲೆಕ್ಕ ಎಲ್ಲ ವಿಷಯಕ್ಕೂ ಒಂದೇ, ಅದನ್ನು ಇಲ್ಲಿ ಹೇಳಬೇಕಿಲ್ಲ.

ಕೊನೆಯ ಪರೀಕ್ಷೆಯ ಫಲಿತಾಂಶ ಬಂದಾಗ ಈ ವಿಷಯ ಯಾರ ಅಂಕವನ್ನೂ ಕೆಳಗೆ ಎಳೆದಿರಲಿಲ್ಲ. ಹಡಗಿನ ಹುಡುಗ ಪಾಸಾಗಿದ್ದ, ಅದೂ ನಾನು ಅಂದುಕೊಂಡದ್ದಕ್ಕಿಂತ ಚೆನ್ನಾಗಿ. ಅದೋರಾಮನನ್ನು ಹಿಡಿದ ಹುಡುಗಿಯದ್ದೇ ಕ್ಲಾಸಿಗೆ ಮೊದಲ ಅಂಕ.

ಆದರೆ ಒಂದು ಬಗೆಯ ಪ್ರಶ್ನೆಯಲ್ಲಿ ಇನ್ನೂ ಸೋಲುತ್ತಿದ್ದೇವೆ. ‘ರಕ್ಷಣೆಗೆ ನಂಬಿಕೆಯೊಂದೇ ಸಾಕು. ಚರ್ಚಿಸಿ.’ ಮಕ್ಕಳು ಹೌದು ಅಂತಲೋ ಅಲ್ಲ ಅಂತಲೋ ಒಂದೇ ಕಡೆ ಓಡುತ್ತಾರೆ. ತಮ್ಮ ಸಭೆಯಲ್ಲಿ ಕೇಳಿದ್ದನ್ನು ಬಿಟ್ಟು ಇನ್ನೊಂದು ಕಡೆ ನಿಂತು ಬರೆದರೆ ತಪ್ಪಾಗುತ್ತದೆ ಅಂತ ಭಯ. ಈ ವರ್ಷದ ಮಕ್ಕಳನ್ನು ಎರಡು ಸಾಲು ಮಾಡಿ ಎದುರುಬದುರು ಕೂರಿಸಿದ್ದೇನೆ. ಒಂದು ಸಾಲಿಗೆ ಪೌಲ ರೋಮದವರಿಗೆ ಬರೆದ ಪತ್ರ, 3 ಮತ್ತು 4ನೇ ಅಧ್ಯಾಯ. ಇನ್ನೊಂದಕ್ಕೆ ಯಾಕೋಬನ ಪತ್ರ, 2ನೇ ಅಧ್ಯಾಯ. ಹತ್ತು ನಿಮಿಷ ವಾದ, ಆಮೇಲೆ ಸಾಲು ಬದಲಿಸಿ ಎದುರಿನವರ ವಾದವನ್ನೇ ಮಾಡಬೇಕು. ಮೊನ್ನೆ ಪೌಲನ ಸಾಲಿನವನೊಬ್ಬ ಅಬ್ರಹಾಮನನ್ನು ಎಳೆದು ತಂದ. ನಂಬಿದ್ದಕ್ಕೇ ಅಬ್ರಹಾಮ ನೀತಿವಂತ ಅನ್ನಿಸಿಕೊಂಡ ಅಂದ. ಎದುರು ಸಾಲಿನವಳು ತನ್ನ ಪುಟ ತೋರಿಸಿದಳು. ಯಾಕೋಬನೂ ಅದೇ ಅಬ್ರಹಾಮನನ್ನು ತಂದಿದ್ದಾನೆ, ಇಸಾಕನನ್ನು ಬಲಿಪೀಠದ ಮೇಲೆ ಇಟ್ಟದ್ದಕ್ಕೆ. ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು.

ಮೊದಲಾಗಿದ್ದರೆ ಕತೆ ಶುರು ಮಾಡಿಬಿಡುತ್ತಿದ್ದೆ. ‘ಆದಿಕಾಂಡ ತೆಗೀರಿ, 15 ಒಂದು, 22 ಒಂದು’ ಅಂದೆ. ಹಾಳೆ ಮಗುಚುವ ಸದ್ದು ಶುರುವಾಯಿತು.